ಬಳಸುವವರ ತಪ್ಪು ಎಂಬ ಸುಳ್ಳು

ಸಾಮಾಜಿಕ ಜಾಲತಾಣ ವರವೋ ಶಾಪವೋ? ನಮ್ಮ ಶಾಲೆ ಕಾಲೇಜುಗಳಲ್ಲಿ ಈ ವಿಷಯದ ಮೇಲೆ ನಡೆದ ಪ್ರಬಂಧ ಸ್ಪರ್ಧೆಗಳಿಗೂ ಚರ್ಚಾಕೂಟಗಳಿಗೂ ಲೆಕ್ಕವಿಲ್ಲ. ಪರ ಮಾತಾಡಿದವರೂ ವಿರೋಧ ಮಾತಾಡಿದವರೂ ಕೊನೆಗೆ ಬಂದು ನಿಲ್ಲುವ ಜಾಗ ಒಂದೇ: ತಂತ್ರಜ್ಞಾನ ತಾನಾಗಿ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ, ಎಲ್ಲವೂ ಬಳಸುವವರ ಕೈಯಲ್ಲಿದೆ, ಚಾಕು ಹಣ್ಣನ್ನೂ ಕೊಯ್ಯುತ್ತದೆ, ಕತ್ತನ್ನೂ ಕೊಯ್ಯುತ್ತದೆ. ಪೊಲೀಸರ ಜಾಗೃತಿ ಸಭೆಯಲ್ಲಿ ಇದೇ ಮಾತು. ಪತ್ರಿಕೆಯ ಸಂಪಾದಕೀಯದಲ್ಲಿ, ಮಂತ್ರಿಗಳ ಭಾಷಣದಲ್ಲಿ ಇದೇ ಮಾತು. ಮಕ್ಕಳ ಮೊಬೈಲ್ ಗೀಳಿನಿಂದ ಕಂಗೆಟ್ಟ ತಾಯಂದಿರಿಗೆ ಹೇಳುವ ಬುದ್ಧಿವಾದವೂ ಇದೇ.

ಈ ಮಾತು ಸುಳ್ಳು. ಬರೀ ಸುಳ್ಳಾಗಿದ್ದರೆ ಕೇಳಿ ಸುಮ್ಮನಿರಬಹುದಿತ್ತು. ಇದು ತಪ್ಪು ಮಾಡಿದವರನ್ನು ಕಾಪಾಡಿ, ನೊಂದವರ ತಲೆಗೇ ಅಪರಾಧ ಕಟ್ಟುವ ಸುಳ್ಳು. ಚಾಕು ತನ್ನನ್ನು ಹಿಡಿದವರ ವಯಸ್ಸು, ಸಿಟ್ಟು, ಒಂಟಿತನಗಳನ್ನು ಅಳೆದು ಬರೆದಿಟ್ಟುಕೊಳ್ಳುವುದಿಲ್ಲ. ಕೆಳಗಿಟ್ಟ ಹತ್ತು ನಿಮಿಷಕ್ಕೆ ಮತ್ತೆ ಎತ್ತಿಕೊಳ್ಳಿ ಎಂದು ಕೂಗುವುದಿಲ್ಲ. ರಾತ್ರೋರಾತ್ರಿ ತನ್ನ ಅಲಗನ್ನು ತಾನೇ ಬದಲಿಸಿಕೊಳ್ಳುವುದಿಲ್ಲ. ಇಷ್ಟೆಲ್ಲ ಮಾಡುವ ವ್ಯವಸ್ಥೆಯನ್ನು ಚಾಕುವಿಗೆ ಹೋಲಿಸಿದ್ದು ಮೊದಲನೆಯ ಮೋಸ. ಆ ವ್ಯವಸ್ಥೆಯನ್ನು ಯಾರು, ಯಾವಾಗ, ಯಾತಕ್ಕೆ ಹೀಗೆ ಕಟ್ಟಿದರು ಎಂಬ ಇತಿಹಾಸವನ್ನೇ ಮರೆಸಿದ್ದು ಎರಡನೆಯ ಮೋಸ. ಆ ಇತಿಹಾಸವನ್ನು ಒಮ್ಮೆ ತೆರೆದು ನೋಡಿದರೆ ‘ಬಳಸುವವರ ಕೈಯಲ್ಲಿದೆ’ ಎಂಬ ಮಾತು ನಿಲ್ಲಲು ನೆಲವೇ ಇರುವುದಿಲ್ಲ.

ಮನುಷ್ಯರು ಕಂಪ್ಯೂಟರಿನ ಮೂಲಕ ಮಾತಾಡಲು ಕಲಿತದ್ದು ಫೇಸ್‌ಬುಕ್ಕಿನಿಂದಲ್ಲ. 1971ರಲ್ಲೇ ಅಮೆರಿಕದ ರೇ ಟಾಮ್ಲಿನ್‌ಸನ್ ಒಂದು ಯಂತ್ರದಿಂದ ಇನ್ನೊಂದು ಯಂತ್ರಕ್ಕೆ ಇಮೇಲ್ ಕಳಿಸಿದ್ದರು. 1978ರಲ್ಲಿ ಶಿಕಾಗೋದ ವಾರ್ಡ್ ಕ್ರಿಸ್ಟೆನ್‌ಸನ್ ಮತ್ತು ರ‍್ಯಾಂಡಿ ಸೂಸ್, ಫೋನ್ ಲೈನಿಗೆ ಜೋಡಿಸಿದ ಕಂಪ್ಯೂಟರಿನಲ್ಲಿ ಯಾರು ಬೇಕಾದರೂ ಸಂದೇಶ ಬರೆದು ಹೋಗಬಹುದಾದ ಬುಲೆಟಿನ್ ಬೋರ್ಡ್ ಶುರುಮಾಡಿದರು. 1980ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಕೈಯಿಂದ ಯೂಸ್‌ನೆಟ್ ಎಂಬ ಚರ್ಚಾ ಗುಂಪುಗಳ ಜಾಲ ಹೊರಬಂತು. 1988ರಲ್ಲಿ ಫಿನ್‌ಲೆಂಡಿನ ಯಾರ್ಕೊ ಓಯಿಕರಿನೆನ್ ಐಆರ್‌ಸಿ ಎಂಬ ಹರಟೆಯ ವ್ಯವಸ್ಥೆ ಕಟ್ಟಿದರು. ಯೂಸ್‌ನೆಟ್ಟಿನಲ್ಲಿ ಕರ್ನಾಟಕದ ಹೆಸರಿನದೇ ಒಂದು ಗುಂಪಿತ್ತು. ಪರದೆಯ ಮೇಲೆ ಕನ್ನಡ ಲಿಪಿ ಸುಲಭವಾಗಿ ಮೂಡದ ಕಾಲದಲ್ಲೂ, 1998ರಲ್ಲಿ ‘ಬರಹ’ ತಂತ್ರಾಂಶ ಬರುವುದಕ್ಕೆ ಮೊದಲೇ, ದೂರದೇಶದ ಕನ್ನಡಿಗರು ಒಬ್ಬರನ್ನೊಬ್ಬರು ಹುಡುಕಿಕೊಂಡಿದ್ದರು.

ಆ ಕಾಲದ ಜನ ದೇವತೆಗಳಾಗಿದ್ದರೇ? ಖಂಡಿತ ಇಲ್ಲ. ಬೈಗುಳವಿತ್ತು, ಕಾಲೆಳೆಯುವುದಿತ್ತು, ಸುಳ್ಳೂ ಇತ್ತು. 1978ರಲ್ಲೇ ಒಂದು ಕಂಪ್ಯೂಟರ್ ಕಂಪನಿಯ ಮಾರಾಟಗಾರ ನೂರಾರು ಜನರಿಗೆ ಒಟ್ಟಿಗೆ ಜಾಹೀರಾತು ಕಳಿಸಿ ಬೈಸಿಕೊಂಡಿದ್ದ. 1994ರಲ್ಲಿ ಇಬ್ಬರು ವಕೀಲರು ಯೂಸ್‌ನೆಟ್ಟಿನ ಸಾವಿರಾರು ಗುಂಪುಗಳಿಗೆ ಗ್ರೀನ್ ಕಾರ್ಡ್ ಜಾಹೀರಾತು ತುಂಬಿ ಜಗತ್ತಿನ ಸಿಟ್ಟು ಎದುರಿಸಿದರು. ಮನುಷ್ಯ ಸ್ವಭಾವ ಇಂದು ಹೇಗಿದೆಯೋ ಅಂದೂ ಹಾಗೇ ಇತ್ತು. ಆದರೆ ಒಂದು ವಿಷಯ ಇರಲಿಲ್ಲ. ಯಾರ ಮಾತು ಯಾರಿಗೆ ಮೊದಲು ಕಾಣಬೇಕು ಎಂದು ಲಾಭದ ಲೆಕ್ಕ ಹಾಕಿ ನಿರ್ಧರಿಸುವ ಯಂತ್ರ ನಡುವೆ ಕೂತಿರಲಿಲ್ಲ. ಒಬ್ಬ ಬೈದರೆ ಆ ಗುಂಪಿನವರು ಓದಿದರು, ಉತ್ತರಿಸಿದರು, ಬೇಡವೆನಿಸಿದರೆ ಆತನ ಹೆಸರನ್ನೇ ತಮ್ಮ ಪರದೆಯಿಂದ ತೆಗೆದುಹಾಕಿದರು. ಅದು ಬೈಗುಳ ಎಂಬ ಕಾರಣಕ್ಕೇ ಅದನ್ನು ಎತ್ತಿಕೊಂಡು ಹೋಗಿ ಹತ್ತು ಲಕ್ಷ ಜನರ ಮುಂದೆ ಇಡುವವರು ಯಾರೂ ಇರಲಿಲ್ಲ.

ಹಾಗಾದರೆ ಬದಲಾದದ್ದು ಏನು? ಬಳಸುವವರಂತೂ ಅಲ್ಲ. 2006ರ ಸೆಪ್ಟೆಂಬರ್ 5ರಂದು ಫೇಸ್‌ಬುಕ್ ತನ್ನ ನ್ಯೂಸ್ ಫೀಡ್ ತಂದಿತು. ಅಲ್ಲಿಯವರೆಗೆ ಗೆಳೆಯನ ವಿಚಾರ ತಿಳಿಯಬೇಕೆಂದರೆ ನಾವೇ ಅವನ ಪುಟಕ್ಕೆ ಹೋಗಬೇಕಿತ್ತು. ಅಂದಿನಿಂದ ಎಲ್ಲರ ವಿಚಾರವನ್ನೂ ಆಯ್ದು ನಮ್ಮ ಮುಂದೆ ಸುರಿಯುವ ಕೆಲಸ ಕಂಪನಿಯದಾಯಿತು. ಇದನ್ನು ಬಳಸುವವರು ಕೇಳಿದ್ದರೇ? ಕೇಳುವುದಿರಲಿ, ಲಕ್ಷಾಂತರ ವಿದ್ಯಾರ್ಥಿಗಳು ಬೇಡವೆಂದು ಗುಂಪು ಕಟ್ಟಿ ಪ್ರತಿಭಟಿಸಿದರು. ಕಂಪನಿ ಕ್ಷಮೆ ಕೇಳಿತು, ಒಂದಷ್ಟು ಆಯ್ಕೆಗಳನ್ನು ಕೊಟ್ಟಿತು, ಫೀಡನ್ನು ಮಾತ್ರ ಹಾಗೇ ಉಳಿಸಿಕೊಂಡಿತು. ಅದೇ ವರ್ಷ ಏಜಾ ರಾಸ್ಕಿನ್ ಎಂಬ ವಿನ್ಯಾಸಕಾರ ಕೊನೆಯೇ ಇಲ್ಲದೆ ಉರುಳುವ ಪುಟವನ್ನು ರೂಪಿಸಿದರು. ಓದುಗ ತಾನಾಗಿ ನಿಂತು ‘ಸಾಕು’ ಅನ್ನುವ ಗಳಿಗೆಯನ್ನೇ ಅದು ಕಿತ್ತುಹಾಕಿತು. ಮುಂದೆ ಸ್ವತಃ ರಾಸ್ಕಿನ್ ಅದಕ್ಕಾಗಿ ಬಹಿರಂಗವಾಗಿ ಪಶ್ಚಾತ್ತಾಪಪಟ್ಟರು. ಪಶ್ಚಾತ್ತಾಪದಿಂದ ಆ ಪುಟಕ್ಕೆ ಕೊನೆ ಬರಲಿಲ್ಲ.

2009ರ ಫೆಬ್ರವರಿಯಲ್ಲಿ ಫೇಸ್‌ಬುಕ್ಕಿಗೆ ಲೈಕ್ ಬಟನ್ ಬಂತು. ಸ್ನೇಹಕ್ಕೂ ದುಃಖಕ್ಕೂ ಅಂಕ ಬೀಳತೊಡಗಿತು. ಅದೇ ವರ್ಷದ ನವೆಂಬರಿನಲ್ಲಿ ಟ್ವಿಟರ್ ರೀಟ್ವೀಟ್ ಬಟನ್ ಕೊಟ್ಟಿತು. ಅದಕ್ಕೆ ಮುಂಚೆ ಇನ್ನೊಬ್ಬರ ಮಾತನ್ನು ಹಂಚಬೇಕೆಂದರೆ ಕೈಯಾರೆ ನಕಲು ಮಾಡಿ ಹಾಕಬೇಕಿತ್ತು. ಆ ನಾಲ್ಕು ಕ್ಷಣದಲ್ಲಿ ‘ಇದು ನಿಜವೇ’ ಎಂದು ಯೋಚಿಸಲು ಬಿಡುವಿತ್ತು. ಬಟನ್ ಬಂದ ಮೇಲೆ ಆ ಬಿಡುವೂ ಹೋಯಿತು. ಅದನ್ನು ಕಟ್ಟಿದ ತಂಡದ ಮುಂದಾಳು ಕ್ರಿಸ್ ವೆದರೆಲ್, ಹತ್ತು ವರ್ಷದ ನಂತರ, ಗುಂಡು ತುಂಬಿದ ಆಯುಧವನ್ನು ಎಳೆಮಗುವಿನ ಕೈಗೆ ಕೊಟ್ಟಂತಾಯಿತು ಎಂಬರ್ಥದ ಮಾತು ಹೇಳಿದರು. ಮಗುವಿನ ಕೈಗೆ ಆಯುಧ ಕೊಟ್ಟು ತಪ್ಪು ಮಗುವಿನದು ಅನ್ನುವವರನ್ನು ನಾವು ಏನೆಂದು ಕರೆಯುತ್ತೇವೆ?

ಇದಕ್ಕಿಂತ ಘೋರವಾದದ್ದು ಇನ್ನೊಂದಿದೆ. ಫೇಸ್‌ಬುಕ್ಕಿನಲ್ಲಿ ಸಿಟ್ಟಿನ ಮುಖ, ಅಳುವ ಮುಖ, ನಗುವ ಮುಖಗಳು ಬಂದ ಮೇಲೆ, 2017ರಿಂದ ಕೆಲವು ಕಾಲ, ಆ ಒಂದೊಂದು ಮುಖಕ್ಕೂ ಲೈಕ್‌ನ ಐದು ಪಟ್ಟು ತೂಕ ಕೊಡಲಾಗಿತ್ತು. ನೀವು ಮೆಚ್ಚಿದ ಪೋಸ್ಟಿಗೆ ಒಂದು ಅಂಕ, ನಿಮ್ಮ ರಕ್ತ ಕುದಿಸಿದ ಪೋಸ್ಟಿಗೆ ಐದು ಅಂಕ. ಸಿಟ್ಟಿನ ಮುಖ ಹೆಚ್ಚು ಬೀಳುವ ಪೋಸ್ಟುಗಳಲ್ಲಿ ಸುಳ್ಳು ಸುದ್ದಿ, ದ್ವೇಷ, ಕೀಳು ಸರಕು ಹೆಚ್ಚಿರುವ ಸಂಭವವಿದೆ ಎಂದು ಕಂಪನಿಯ ಸಂಶೋಧಕರೇ ಕಂಡುಕೊಂಡರು. ಸಿಟ್ಟಿನ ಮುಖದ ತೂಕವನ್ನು ಕೊನೆಗೆ ಸೊನ್ನೆಗೆ ಇಳಿಸಿದ್ದು 2020ರಲ್ಲಿ. ಜಗತ್ತಿಗೆ ಇದೆಲ್ಲ ಗೊತ್ತಾದದ್ದು ಫ್ರಾನ್ಸಿಸ್ ಹೌಗನ್ ಎಂಬ ಮಾಜಿ ಉದ್ಯೋಗಿ 2021ರಲ್ಲಿ ಒಳಗಿನ ಕಾಗದಪತ್ರಗಳನ್ನು ಹೊರಗೆ ತಂದಾಗ. ನಮ್ಮ ಊರುಗಳಲ್ಲಿ, ನಮ್ಮ ಮನೆಗಳಲ್ಲಿ ಅಣ್ಣ ತಮ್ಮಂದಿರು ಮಾತು ಬಿಟ್ಟ ವರ್ಷಗಳೂ ಅವೇ. ಆಗ ‘ಜನ ಯಾಕೋ ಇತ್ತೀಚೆಗೆ ಬಹಳ ಸಿಟ್ಟಿನವರಾಗಿದ್ದಾರೆ’ ಎಂದು ನಾವು ಒಬ್ಬರನ್ನೊಬ್ಬರು ದೂರಿಕೊಂಡೆವು. ಸಿಟ್ಟಿಗೆ ಐದು ಅಂಕ ಬರೆದವರ ಹೆಸರು ಯಾರ ಬಾಯಲ್ಲೂ ಬರಲಿಲ್ಲ.

ಮನಸ್ಸನ್ನು ತಿರುಗಿಸುವ ಶಕ್ತಿ ತಮ್ಮ ಕೈಯಲ್ಲಿದೆಯೆಂದು ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು, ಪರೀಕ್ಷಿಸಿಯೂ ನೋಡಿದ್ದರು. 2012ರ ಜನವರಿಯಲ್ಲಿ ಫೇಸ್‌ಬುಕ್ ಒಂದು ವಾರ ಕಾಲ 6,89,003 ಬಳಕೆದಾರರ ಫೀಡನ್ನು ತಿದ್ದಿತು. ಕೆಲವರಿಗೆ ಸಂತೋಷದ ಪೋಸ್ಟುಗಳನ್ನು ಕಡಿಮೆ ಮಾಡಿತು, ಕೆಲವರಿಗೆ ಬೇಸರದವನ್ನು. ಕಂಡದ್ದು ಬದಲಾದಂತೆ ಅವರು ಬರೆಯುವ ಮಾತಿನ ಭಾವವೂ ಅಷ್ಟಿಷ್ಟು ಬದಲಾಯಿತು. ಫಲಿತಾಂಶ 2014ರಲ್ಲಿ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ಪರಿಣಾಮ ಸಣ್ಣದು ಎಂದು ಸಮಜಾಯಿಷಿ ಕೊಡುವವರಿದ್ದಾರೆ. ಸಣ್ಣದಿರಲಿ. ತಾವು ಪ್ರಯೋಗದ ಇಲಿಗಳಾಗಿದ್ದೇವೆಂದು ಆ ಸುಮಾರು ಏಳು ಲಕ್ಷ ಜನರಿಗೆ ತಿಳಿಸಿರಲಿಲ್ಲ. ಅವರ ಕೈಯಲ್ಲಿ ಏನಿತ್ತು?

ಇನ್ನು ನಮ್ಮ ನೆಲಕ್ಕೇ ಬರೋಣ, ಯಾಕೆಂದರೆ ಈ ವಾದವನ್ನು ಮುರಿಯುವ ಅತ್ಯಂತ ಗಟ್ಟಿ ಸಾಕ್ಷ್ಯ ಇರುವುದು ಕರ್ನಾಟಕದಲ್ಲೇ. 2012ರ ಆಗಸ್ಟಿನಲ್ಲಿ ಈಶಾನ್ಯ ರಾಜ್ಯಗಳವರ ಮೇಲೆ ದಾಳಿ ನಡೆಯಲಿದೆ ಎಂಬ ವದಂತಿ ಎಸ್‌ಎಂಎಸ್ ಮೂಲಕ ಹರಡಿ, ಸಾವಿರಾರು ಜನ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿನ ರೈಲು ನಿಲ್ದಾಣಕ್ಕೆ ಓಡಿದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಆಗ ಕೇಂದ್ರ ಸರ್ಕಾರ ಮಾಡಿದ್ದೇನು? ಜನರಿಗೆ ನೀತಿಬೋಧೆ ಮಾಡುತ್ತ ಕೂರಲಿಲ್ಲ. ಹದಿನೈದು ದಿನ ಒಟ್ಟೊಟ್ಟಿಗೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಹೋಗದಂತೆ ತಡೆಯಿತು. ಸಂದೇಶ ಎಷ್ಟು ಜನರಿಗೆ ಒಟ್ಟಿಗೆ ಹೋಗುತ್ತದೆ ಎಂಬುದೇ ಅಪಾಯದ ಮೂಲ ಎಂದು ಅಂದೇ ನಮ್ಮ ಅಧಿಕಾರಿಗಳಿಗೆ ತಿಳಿದಿತ್ತು.

ಆರು ವರ್ಷದ ಮೇಲೆ, 2018ರ ಜುಲೈ 13ರಂದು, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಯುವ ಎಂಜಿನಿಯರನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಜೊತೆಗಿದ್ದವರೊಬ್ಬರು ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ನೆಪವಾಯಿತು. ವಾಟ್ಸ್‌ಆ್ಯಪಿನಲ್ಲಿ ಸುದ್ದಿ ಅವರ ಕಾರಿಗಿಂತ ಮುಂದೆ ಓಡಿ ಮುರ್ಕಿ ಮುಟ್ಟಿತ್ತು. ಅದೇ ವರ್ಷ ಬೆಂಗಳೂರಿನ ಚಾಮರಾಜಪೇಟೆಯಲ್ಲೂ, ಮಹಾರಾಷ್ಟ್ರದ ಧುಳೆಯಲ್ಲೂ ಇಂಥದೇ ವದಂತಿಗೆ ಜೀವಗಳು ಹೋಗಿದ್ದವು. ಆಗ ಹರಿದಾಡಿದ ವಿಡಿಯೋಗಳಲ್ಲಿ ಒಂದು, ಮಕ್ಕಳ ಸುರಕ್ಷತೆಗಾಗಿ ಕರಾಚಿಯಲ್ಲಿ ತಯಾರಾದ ಜಾಗೃತಿ ಚಿತ್ರದ ಕತ್ತರಿಸಿದ ತುಂಡು. ಮುರ್ಕಿಯಲ್ಲಿ ಹಲವರ ಬಂಧನವಾಯಿತು, ಅವರಲ್ಲಿ ಗ್ರೂಪ್ ಅಡ್ಮಿನ್ ಕೂಡ ಇದ್ದ. ಕೈ ಎತ್ತಿದವರಿಗೆ ಶಿಕ್ಷೆಯಾಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಘಟನೆಯಾಗಿ ಒಂದು ವಾರಕ್ಕೆ ವಾಟ್ಸ್‌ಆ್ಯಪ್ ಒಂದು ಪ್ರಕಟಣೆ ಹೊರಡಿಸಿತು: ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗೆ ಮಾತ್ರ ಫಾರ್ವರ್ಡ್ ಮಾಡಬಹುದು, ಫೋಟೋ ವಿಡಿಯೋಗಳ ಪಕ್ಕದಲ್ಲಿದ್ದ ಫಾರ್ವರ್ಡ್ ಬಟನನ್ನೂ ತೆಗೆಯಲಾಗುವುದು.

ಒಂದೇ ವಾರ. ಬಟನ್ ತೆಗೆಯುವ, ಮಿತಿ ಹಾಕುವ ತೀರ್ಮಾನಕ್ಕೆ ಅಷ್ಟೇ ಸಾಕಾಯಿತು. ಹಾಗಾದರೆ ಅದಕ್ಕೂ ಹಿಂದಿನ ತಿಂಗಳುಗಳಲ್ಲಿ ಊರೂರಲ್ಲಿ ಹೆಣ ಬೀಳುತ್ತಿದ್ದಾಗ ಆ ಬಟನ್ ಯಾರ ಲಾಭಕ್ಕಾಗಿ ಅಲ್ಲಿತ್ತು? 2020ರ ಏಪ್ರಿಲಿನಲ್ಲಿ, ಅತಿಯಾಗಿ ಫಾರ್ವರ್ಡ್ ಆದ ಸಂದೇಶಗಳನ್ನು ಒಮ್ಮೆಗೆ ಒಂದೇ ಚಾಟಿಗೆ ಕಳಿಸುವಂತೆ ಕಂಪನಿ ಇನ್ನಷ್ಟು ಬಿಗಿ ಮಾಡಿತು. ಅಂಥ ಸಂದೇಶಗಳ ಹರಿದಾಟ ಶೇ 70ರಷ್ಟು ಇಳಿಯಿತು ಎಂದು ಅದೇ ಹೇಳಿಕೊಂಡಿತು. ಬಳಸುವವರ ಸಂಸ್ಕಾರವೇ ಎಲ್ಲಕ್ಕೂ ಕಾರಣ ಅನ್ನುವವರು ಉತ್ತರಿಸಲಿ: ಆ ಕೆಲವೇ ವಾರಗಳಲ್ಲಿ ಜಗತ್ತಿನ ಸಂಸ್ಕಾರ ಶೇ 70ರಷ್ಟು ಸುಧಾರಿಸಿತೇ?

ಮ್ಯಾನ್ಮಾರಿನಲ್ಲಿ ಇಂಥ ಹರಿದಾಟದ ಬೆಲೆ ತೆತ್ತವರು ಏಳು ಲಕ್ಷಕ್ಕೂ ಮಿಕ್ಕಿದ ಜನ. 2017ರ ಆಗಸ್ಟಿನಿಂದಾಚೆಗೆ ಕೊಲೆ, ಅತ್ಯಾಚಾರ, ಬೆಂಕಿಯಿಂದ ತಪ್ಪಿಸಿಕೊಂಡು ಅಷ್ಟು ರೋಹಿಂಗ್ಯಾಗಳು ಬಾಂಗ್ಲಾದೇಶಕ್ಕೆ ಓಡಿದರು. ದ್ವೇಷ ಹರಡುವುದರಲ್ಲಿ ಸಾಮಾಜಿಕ ಜಾಲತಾಣ ನಿರ್ಣಾಯಕ ಪಾತ್ರ ವಹಿಸಿತೆಂದು ವಿಶ್ವಸಂಸ್ಥೆಯ ಸತ್ಯಶೋಧನಾ ತಂಡದ ಮುಖ್ಯಸ್ಥರು 2018ರಲ್ಲಿ ಹೇಳಿದರು. ಹಿಂಸೆಗೆ ಕುಮ್ಮಕ್ಕು ಕೊಡಲು ತನ್ನ ವೇದಿಕೆ ಬಳಕೆಯಾಗದಂತೆ ತಡೆಯಲು ಸಾಕಷ್ಟು ಮಾಡಲಿಲ್ಲವೆಂದು ಫೇಸ್‌ಬುಕ್ ಅದೇ ವರ್ಷದ ಕೊನೆಗೆ ಒಪ್ಪಿಕೊಂಡಿತು. ಆ ದೇಶದಲ್ಲಿ ಲಕ್ಷಾಂತರ ಜನರಿಗೆ ಇಂಟರ್ನೆಟ್ ಅಂದರೆ ಫೇಸ್‌ಬುಕ್ಕೇ ಆಗಿತ್ತು. ಬರ್ಮೀ ಭಾಷೆ ಬಲ್ಲ ಪರಿಶೀಲಕರು ಮಾತ್ರ ಬಹಳ ಕಾಲ ಬೆರಳೆಣಿಕೆಯಷ್ಟಿದ್ದರು. ಅಂಗಡಿ ತೆರೆಯಲು ಆ ಭಾಷೆಯ ಜನ ಬೇಕು, ಅವರನ್ನು ಕಾಯಲು ಆ ಭಾಷೆ ಬಲ್ಲವರು ಬೇಡ!

ಇದು ಕನ್ನಡಿಗರಿಗೆ ದೂರದ ಕಥೆ ಎಂದು ಯಾರೂ ತಿಳಿಯಬಾರದು. ಹೌಗನ್ ಹೊರತಂದ ಕಾಗದಗಳ ಪ್ರಕಾರ, ಸುಳ್ಳು ಸುದ್ದಿಯನ್ನು ಗುರುತಿಸುವ ಕೆಲಸಕ್ಕೆ ಫೇಸ್‌ಬುಕ್ ಇಟ್ಟ ಜಾಗತಿಕ ಬಜೆಟ್ಟಿನಲ್ಲಿ ಶೇ 87 ಅಮೆರಿಕಕ್ಕೆ ಮೀಸಲಾಗಿತ್ತು. ಉಳಿದ ಶೇ 13ನ್ನು ಮಿಕ್ಕ ಜಗತ್ತೆಲ್ಲ ಹಂಚಿಕೊಳ್ಳಬೇಕಿತ್ತು. ಅದರಲ್ಲಿ ಭಾರತಕ್ಕೆಷ್ಟು, ಭಾರತದ ಪಾಲಿನಲ್ಲಿ ಕನ್ನಡಕ್ಕೆಷ್ಟು? ಕನ್ನಡದಲ್ಲಿ ಬರುವ ಬೆದರಿಕೆಯನ್ನು, ಜಾತಿ ಹಿಡಿದು ಬೈಯುವ ಬೈಗುಳವನ್ನು, ಹೆಣ್ಣುಮಗಳ ಮಾನ ಕಳೆಯುವ ಪೋಸ್ಟನ್ನು ಓದಿ ತಿಳಿಯಬಲ್ಲ ಪರಿಶೀಲಕರು ಎಷ್ಟು ಜನ ಇದ್ದಾರೆಂದು ಹೇಳುವಂತೆ ನಮ್ಮ ಯಾವ ಸರ್ಕಾರ ಈ ಕಂಪನಿಗಳನ್ನು ಒತ್ತಾಯಿಸಿದೆ? ಕನ್ನಡದಲ್ಲಿ ಜಾಹೀರಾತು ಮಾರುವವರಿಗೆ ಕನ್ನಡದಲ್ಲಿ ದೂರು ಕೇಳುವ ಹೊಣೆಯಿಲ್ಲವೇ?

‘ಬಳಸುವವರ ತಪ್ಪು’ ಎಂಬ ಮಾತು ಇಷ್ಟು ಗಟ್ಟಿಯಾಗಿ ಬೇರೂರಿರುವುದು ಅದು ನಿಜ ಎಂಬ ಕಾರಣಕ್ಕಲ್ಲ, ಎಲ್ಲ ಬಲಾಢ್ಯರಿಗೂ ಅನುಕೂಲ ಎಂಬ ಕಾರಣಕ್ಕೆ. ಕಂಪನಿಗಳಿಗೆ ಅನುಕೂಲ: ಫೇಸ್‌ಬುಕ್, ವಾಟ್ಸ್‌ಆ್ಯಪ್‌ಗಳ ಒಡೆಯನಾದ ಮೆಟಾ ಕಂಪನಿಯ 2023ರ ವರಮಾನ ಸುಮಾರು 13,500 ಕೋಟಿ ಡಾಲರ್, ಅದರಲ್ಲಿ ಶೇ 97ಕ್ಕೂ ಹೆಚ್ಚು ಜಾಹೀರಾತಿನಿಂದ ಬಂದದ್ದು, ಜನ ಪರದೆಗೆ ಅಂಟಿಕೊಂಡಷ್ಟು ಹೊತ್ತು ಮಾತ್ರ ಆ ಹಣ ಹುಟ್ಟುತ್ತದೆ. ಸರ್ಕಾರಗಳಿಗೂ ಅನುಕೂಲ: ತಪ್ಪು ಬಳಸುವವರದು ಅಂದಮೇಲೆ ಬಳಸುವವರನ್ನು ಹಿಡಿದು ಒಳಗೆ ಹಾಕಬಹುದು. ಒಂದು ಪೋಸ್ಟಿಗೆ, ಒಂದು ಲೈಕಿಗೆ ಜನರನ್ನು ಜೈಲಿಗೆ ಕಳಿಸುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದು ಮಾಡಬೇಕಾಯಿತು. ಅದೂ ಸಾಲದಾದಾಗ ಇಡೀ ಊರಿನ ಇಂಟರ್ನೆಟ್ ಕಡಿಯುವುದು. ಹಲವು ವರ್ಷ ಈ ವಿಷಯದಲ್ಲಿ ಜಗತ್ತಿಗೆ ಭಾರತವೇ ಮೊದಲು. ಒಂದು ಫೀಡಿನ ಲೆಕ್ಕಾಚಾರವನ್ನು ಪ್ರಶ್ನಿಸುವ ಧೈರ್ಯವಿಲ್ಲದವರು ವಿದ್ಯಾರ್ಥಿಯ ಪರೀಕ್ಷಾ ಅರ್ಜಿಯನ್ನು, ವ್ಯಾಪಾರಿಯ ವಹಿವಾಟನ್ನು, ರೋಗಿಯ ಕರೆಯನ್ನು ಒಟ್ಟಿಗೆ ಕತ್ತರಿಸುತ್ತಾರೆ.

ಕಂಪನಿಗಳ ಮೇಲೆ ಹೊಣೆ ಹೊರಿಸಿದರೆ ವಾಕ್ ಸ್ವಾತಂತ್ರ್ಯ ಹೋಗುತ್ತದೆ ಎಂದು ಹೆದರಿಸುವವರಿದ್ದಾರೆ. ಮಾತಾಡುವ ಹಕ್ಕು ಪ್ರಜೆಗೆ ಸೇರಿದ್ದು. ಆ ಮಾತನ್ನು ಲಾಭಕ್ಕಾಗಿ ಆಯ್ದು, ಊದಿ, ಕೇಳದವರ ಕಿವಿಗೂ ತುರುಕುವ ಹಕ್ಕು ಕಂಪನಿಗೆ ಯಾವ ಸಂವಿಧಾನ ಕೊಟ್ಟಿದೆ? ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಕಲಮು ಮಧ್ಯವರ್ತಿಗಳಿಗೆ ರಕ್ಷಣೆ ಕೊಡುವಾಗ, ಸಂದೇಶವನ್ನು ತಾವೇ ಹೊರಡಿಸದ, ಯಾರಿಗೆ ಹೋಗಬೇಕೆಂದು ತಾವೇ ಆರಿಸದ, ಅದರಲ್ಲಿರುವುದನ್ನು ಆಯ್ಕೆ ಮಾಡದ, ತಿದ್ದದ ಮಧ್ಯವರ್ತಿಯ ಬಗ್ಗೆ ಮಾತಾಡುತ್ತದೆ. ಯಾವ ಪೋಸ್ಟ್ ಯಾರ ಕಣ್ಣಿಗೆ ಬೀಳಬೇಕೆಂದು ಕ್ಷಣಕ್ಷಣವೂ ಆರಿಸುವುದೇ ಕಸುಬಾಗಿರುವ ಫೀಡಿಗೆ ಆ ರಕ್ಷಣೆ ಹೇಗೆ ಸಲ್ಲುತ್ತದೆ?

ಇದು ಬಿಟ್ಟರೆ ಬೇರೆ ದಾರಿಯಿಲ್ಲ, ಉಚಿತ ಸೇವೆಗೆ ತೆರುವ ಬೆಲೆ ಇದು ಎಂಬುದು ಇನ್ನೊಂದು ವಾದ. ವಾಟ್ಸ್‌ಆ್ಯಪ್ 2014ರಲ್ಲಿ ಫೇಸ್‌ಬುಕ್ಕಿಗೆ ಮಾರಾಟವಾದಾಗ 45 ಕೋಟಿ ಬಳಕೆದಾರರಿದ್ದರು, ಕೆಲಸಗಾರರು 55 ಮಂದಿ, ಜಾಹೀರಾತು ಒಂದೂ ಇರಲಿಲ್ಲ. ಕೇಳುತ್ತಿದ್ದದ್ದು ವರ್ಷಕ್ಕೆ ಒಂದು ಡಾಲರ್. ದಾರಿ ಇತ್ತು, ಮುಚ್ಚಲಾಯಿತು. ಇಮೇಲನ್ನು ಯಾವ ಕಂಪನಿಯಿಂದ ಪಡೆದರೂ ಯಾರಿಗೆ ಬೇಕಾದರೂ ಬರೆಯಬಹುದು. ಗೂಗಲ್ ಟಾಕ್ ಕೂಡ ಹಾಗೇ ಬೇರೆ ಸೇವೆಗಳೊಡನೆ ಮಾತಾಡಬಲ್ಲ ಮುಕ್ತ ವ್ಯವಸ್ಥೆಯ ಮೇಲೆ ಶುರುವಾಗಿತ್ತು. 2013ರಿಂದ ಗೂಗಲ್ ತನ್ನ ಹೊಸ ಚಾಟ್‌ನಲ್ಲಿ ಅದನ್ನು ಕೈಬಿಟ್ಟಿತು. ಆರ್ಕುಟ್ ಎಂಬ ಜಾಲತಾಣ 2014ರ ಸೆಪ್ಟೆಂಬರಿನಲ್ಲಿ ಬಾಗಿಲು ಹಾಕಿದಾಗ ಭಾರತೀಯರು ಹತ್ತು ವರ್ಷ ಕಟ್ಟಿದ ಸ್ನೇಹದ ಬಳಗವನ್ನು ಹಾಗೆಯೇ ಬೇರೆ ಕಡೆಗೆ ಒಯ್ಯುವ ದಾರಿ ಇರಲಿಲ್ಲ. ಬಿಟ್ಟು ಹೋಗಲಾರದಂತೆ ಕಟ್ಟಿಹಾಕಿ, ‘ಇಷ್ಟವಿಲ್ಲದಿದ್ದರೆ ಬಿಟ್ಟುಹೋಗಿ’ ಅನ್ನುವುದು ನ್ಯಾಯವೇ?

ಬದಲಾಯಿಸಲು ಆಗುತ್ತದೆ. ನಾವೇ ಬದಲಾಯಿಸಿದ್ದೇವೆ. 2011ರಿಂದ ಮೊಬೈಲ್ ಕಂಪನಿ ಬದಲಿಸಿದರೂ ನಂಬರ್ ನಮ್ಮ ಬಳಿಯೇ ಉಳಿಯುತ್ತದೆ. 2016ರಿಂದ ಯುಪಿಐ ಇದೆ. ಒಂದು ಆ್ಯಪಿನಿಂದ ಇನ್ನೊಂದು ಆ್ಯಪಿನವರಿಗೆ, ತರಕಾರಿ ಗಾಡಿಯವರಿಗೂ, ಹಣ ಹೋಗುತ್ತದೆ. ಹಣಕ್ಕೆ ಸಾಧ್ಯವಾದದ್ದು ಮಾತಿಗೆ ಯಾಕೆ ಸಾಧ್ಯವಿಲ್ಲ? ಐರೋಪ್ಯ ಒಕ್ಕೂಟ ದೊಡ್ಡ ಮೆಸೇಜಿಂಗ್ ಸೇವೆಗಳು ಬೇರೆಯವರಿಗೂ ಬಾಗಿಲು ತೆರೆಯಬೇಕೆಂದೂ, ದೊಡ್ಡ ಜಾಲತಾಣಗಳು ಬಳಕೆದಾರರ ಜಾತಕ ನೋಡದ ಫೀಡನ್ನೂ ಕೊಡಬೇಕೆಂದೂ ಕಾನೂನು ಮಾಡಿದೆ. ಜಗತ್ತಿಗೆ ಸಾಫ್ಟ್‌ವೇರ್ ಬರೆದುಕೊಡುವ ಬೆಂಗಳೂರು ಇರುವ ದೇಶಕ್ಕೆ ಇದು ಆಗದ ಕೆಲಸವೇ?

ಹಾಗಾಗಿ ಬೇಡಿಕೆಗಳನ್ನು ಸ್ಪಷ್ಟವಾಗಿ ಇಡೋಣ. ಫೀಡ್ ಮೂಲತಃ ಸಮಯದ ಕ್ರಮದಲ್ಲೇ ಇರಲಿ. ಕಂಪನಿಯ ಆಯ್ಕೆ ಬೇಕೆಂದವರು ಕೇಳಿ ಪಡೆಯಲಿ. ತಾವೇ ಎತ್ತಿ ಹರಡಿದ್ದಕ್ಕೆ ಕಂಪನಿಗಳೇ ಕಾನೂನಿನ ಮುಂದೆ ಉತ್ತರ ಕೊಡಲಿ. ಬೇರೆ ಸೇವೆಯವರೊಡನೆ ಮಾತಾಡುವ, ತಮ್ಮ ಬಳಗದ ಸಮೇತ ಹೊರಟುಹೋಗುವ ಹಕ್ಕು ಬಳಕೆದಾರರಿಗೆ ಸಿಗಲಿ. ಕನ್ನಡ ಬಲ್ಲ ಪರಿಶೀಲಕರು ಎಷ್ಟು, ಕನ್ನಡದ ದೂರುಗಳಲ್ಲಿ ಇತ್ಯರ್ಥವಾದವು ಎಷ್ಟು ಎಂಬ ಲೆಕ್ಕ ವರ್ಷಾವರ್ಷ ಪ್ರಕಟವಾಗಲಿ. ಹದಿಹರೆಯದವರ ಪರದೆಯಿಂದ ಕೊನೆಯಿಲ್ಲದ ಉರುಳುವಿಕೆಯೂ ತಾನಾಗಿ ಓಡುವ ವಿಡಿಯೋವೂ ತೊಲಗಲಿ.

ಇವು ಬೇಡಿಕೊಂಡರೆ ಸಿಗುವ ವರಗಳಲ್ಲ. 2015ರಲ್ಲಿ ಈ ದೇಶದ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ, ಎಲ್ಲ ತಾಣಗಳೂ ಸಮಾನವಾಗಿ ಸಿಗಬೇಕೆಂಬ ನೆಟ್ ನ್ಯೂಟ್ರಾಲಿಟಿಗಾಗಿ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ಗೆ ಇಮೇಲ್ ಬರೆದರು. ಮರುವರ್ಷದ ಫೆಬ್ರವರಿ 8ರಂದು ಟ್ರಾಯ್ ಹೊರಡಿಸಿದ ಆದೇಶದಿಂದ ಆಯ್ದ ಕೆಲವೇ ತಾಣಗಳನ್ನು ಉಚಿತವಾಗಿ ಕೊಡುವ ಫೇಸ್‌ಬುಕ್ಕಿನ ಫ್ರೀ ಬೇಸಿಕ್ಸ್ ಭಾರತದಿಂದ ಗಂಟುಮೂಟೆ ಕಟ್ಟಬೇಕಾಯಿತು. ಜಗತ್ತಿನ ಅತಿ ಬಲಿಷ್ಠ ಕಂಪನಿಯೊಂದನ್ನು ಸಾಮಾನ್ಯ ಪ್ರಜೆಗಳು ಮಣಿಸಿದ್ದರು. ಅದೇ ಪ್ರಜೆಗಳು ಇಂದು ತಮ್ಮ ಸಂಸದರಿಗೆ, ಶಾಸಕರಿಗೆ, ಟ್ರಾಯ್‌ಗೆ, ಮಾಹಿತಿ ತಂತ್ರಜ್ಞಾನ ಸಚಿವಾಲಯಕ್ಕೆ ಮತ್ತೆ ಬರೆಯಬೇಕು; ಮತ ಕೇಳಲು ಬಂದವರನ್ನು ಇದೇ ಪ್ರಶ್ನೆಗಳಿಂದ ನಿಲ್ಲಿಸಬೇಕು. ನಿಮ್ಮ ಮಗಳ ಕೈಯಿಂದ ಮೊಬೈಲ್ ಕಿತ್ತುಕೊಳ್ಳುವ ಮೊದಲು, ಅದರೊಳಗೆ ಅವಳಿಗೆ ಏನು ತೋರಿಸಬೇಕೆಂದು ತೀರ್ಮಾನಿಸುವವರನ್ನು ಕಟಕಟೆಗೆ ಕರೆಸಿ. ಅವರು ಉತ್ತರ ಕೊಡುವವರೆಗೆ ಬಿಡಬೇಡಿ.